ಬೀದರ್ ಸೀಮೆಯ ನೀರೊಳಗು: ಸುರಂಗ ಬಾವಿ, ಝರಾ, ಜಲಾಶಯ ಮತ್ತು ಅಲ್ಲಿಯ ಜೀವಿಗಳು

ಕರ್ನಾಟಕದ ಈಶಾನ್ಯ ತುದಿಯಲ್ಲಿರುವ ಬೀದರ್ ನಗರ, ಭಾಲ್ಕಿ ಮತ್ತು ಔರಾದ್ ಸುತ್ತಲಿನ ಜಲತಾಣಗಳನ್ನೂ ಅವುಗಳಲ್ಲಿ ಬದುಕುವ ಜೀವಿಗಳನ್ನೂ ಈ ಲೇಖನ ಪರಿಚಯಿಸುತ್ತದೆ. ಉಷ್ಣವಲಯದ ಒಳಗೇ ಇದ್ದರೂ ಈ ಸೀಮೆಗೆ ಕಡಲಿಲ್ಲ. ಅರಬ್ಬಿ ಸಮುದ್ರವೂ ಬಂಗಾಳ ಕೊಲ್ಲಿಯೂ ಇಲ್ಲಿಂದ ನೇರ ಗೆರೆಯಲ್ಲಿ ಸುಮಾರು 400ರಿಂದ 450 ಕಿ.ಮೀ. ದೂರದಲ್ಲಿವೆ. ಹವಳದ ದಿಬ್ಬ, ಸ್ಕೂಬಾ ದೋಣಿ, ಬಣ್ಣದ ಮೀನು ಇವನ್ನೆಲ್ಲ ನೋಡಬೇಕಾದವರು ಮುರ್ಡೇಶ್ವರಕ್ಕೆ ಹೋಗಬೇಕು. ಆದರೆ ನೀರಿಗಾಗಿ ಬಂಡೆಯನ್ನು ಕೊರೆದು ಅದರ ಹೊಟ್ಟೆಯೊಳಕ್ಕೆ ಇಳಿದ ಜನ ಬೀದರಿನವರು. ಎದೆಮಟ್ಟದ ನೀರಿನಲ್ಲಿ ಕತ್ತಲ ಸುರಂಗ ದಾಟಿ ದೇವರನ್ನು ಕಾಣುವ ಪದ್ಧತಿ ಇಲ್ಲಿ ಇಂದಿಗೂ ನಡೆದಿದೆ. ಇಲ್ಲಿಯ ನೀರೊಳಗಿನ ಲೋಕವನ್ನು ರೂಪಿಸಿರುವುದು ಅಲೆಯಲ್ಲ, ಕಲ್ಲು. ಹೀಗಾಗಿ ಕಲ್ಲಿನಿಂದಲೇ ಮೊದಲು ಮಾಡಬೇಕು.

ನೆಲದ ರಚನೆ

ಬೀದರ್ ನಗರ ಸಮುದ್ರಮಟ್ಟದಿಂದ 600 ಮೀಟರಿಗೂ ಹೆಚ್ಚು ಎತ್ತರದ ಒಂದು ಚಪ್ಪಟೆ ದಿಣ್ಣೆಯ ಮೇಲಿದೆ. ದಿಣ್ಣೆಯ ತಲೆಯ ಮೇಲಿರುವುದು ಜಂಬಿಟ್ಟಿಗೆ ಕಲ್ಲು, ಕರಾವಳಿಯವರು ಮುರಕಲ್ಲು ಎನ್ನುವ ಅದೇ ಕೆಂಪುಕಲ್ಲು. ಅದರ ಕೆಳಗಿರುವುದು ದಖ್ಖನ್ನಿನ ಕರಿಯ ಬಸಾಲ್ಟ್. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಮಿಯ ಬಿರುಕುಗಳಿಂದ ಉಕ್ಕಿ ಪದರ ಪದರವಾಗಿ ಹರಡಿದ ಲಾವಾ ಇದು. ಕೆಂಪುಕಲ್ಲು ಹುಟ್ಟಿದ್ದೂ ಈ ಕರಿಕಲ್ಲಿನಿಂದಲೇ. ಉಷ್ಣವಲಯದ ಮಳೆ ಮತ್ತು ಬಿಸಿಲು ಬಸಾಲ್ಟಿನ ಸಿಲಿಕಾವನ್ನು ತೊಳೆದೊಯ್ದು, ಕಬ್ಬಿಣ ಮತ್ತು ಅಲ್ಯೂಮಿನಿಯಮ್ಮಿನ ಅಂಶವನ್ನು ಹಿಂದೆ ಉಳಿಸಿದಾಗ ರಂಧ್ರಮಯವಾದ ಈ ಕಲ್ಲು ಸಿದ್ಧವಾಗುತ್ತದೆ. ಎರಡರ ನಡುವೆ ಮೆತ್ತನೆಯ ಜೇಡಿಯ ಪದರವಿದೆ. ಕರಾವಳಿಯಲ್ಲಿ ಇದಕ್ಕೆ ಶೇಡಿ ಮಣ್ಣು ಎನ್ನುತ್ತಾರೆ.

ಮಳೆ ಬಿದ್ದರೆ ಜಂಬಿಟ್ಟಿಗೆ ಸ್ಪಂಜಿನಂತೆ ಹೀರಿಕೊಳ್ಳುತ್ತದೆ. ಕೆಳಗಿಳಿದ ನೀರು ಜೇಡಿಯನ್ನೂ ಕರಿಕಲ್ಲನ್ನೂ ಮುಟ್ಟಿದೊಡನೆ ಮುಂದೆ ಇಳಿಯಲಾರದೆ ಅಡ್ಡಡ್ಡ ಹರಿದು, ದಿಣ್ಣೆಯ ಅಂಚಿನಲ್ಲಿ ಝರಿಯಾಗಿ ಹೊರಬೀಳುತ್ತದೆ. ಪಾಪನಾಶ, ನರಸಿಂಹ ಝರಾ, ಗುರುನಾನಕ್ ಝೀರಾ ಎಲ್ಲವೂ ಈ ಒಂದೇ ನಿಯಮದ ಮಕ್ಕಳು. ದಿಣ್ಣೆ ಇಳಿದು ಭಾಲ್ಕಿ, ಔರಾದ್ ಕಡೆಗೆ ಹೋದರೆ ಕೆಂಪು ಮರೆಯಾಗಿ ಎರೆಭೂಮಿ ಹರಡುತ್ತದೆ. ಅಲ್ಲಿ ಝರಿ ಅಪರೂಪ. ನೀರೆಂದರೆ ಹಳ್ಳ, ನದಿ, ಬಾವಿ, ಅಣೆಕಟ್ಟು.

ಈ ಸೀಮೆಯ ಹಳೆಯ ಜಲಜೀವಿಗಳನ್ನು ಹುಡುಕುವವರು ಕಲ್ಲಿನಲ್ಲಿಯೇ ಹುಡುಕಬೇಕು. ಒಂದು ಲಾವಾ ಪದರಕ್ಕೂ ಇನ್ನೊಂದಕ್ಕೂ ನಡುವಿನ ಬಿಡುವಿನಲ್ಲಿ ಅಲ್ಲಲ್ಲಿ ಸಿಹಿನೀರ ಕೆರೆಗಳು ನಿಂತಿದ್ದವು. ಬೀದರಿನ ದಕ್ಷಿಣಕ್ಕೆ ಗುರುಮಠಕಲ್ ಹತ್ತಿರದ ಅಂಥ ಪದರಗಳಲ್ಲಿ ಆಸ್ಟ್ರಕಾಡ್ ಎಂಬ ಕಿರುಚಿಪ್ಪಿನ ಜೀವಿಗಳ ಪಳೆಯುಳಿಕೆಗಳು ಸಿಕ್ಕಿವೆ. ಸಮುದ್ರದ ತಳವನ್ನೇ ನೋಡಬೇಕೆಂದರೆ ಮನೆಯ ನೆಲ ನೋಡಿದರೆ ಸಾಕು: ಈ ಭಾಗದ ಮನೆಗಳಿಗೆ ಹಾಸುವ ಶಹಾಬಾದ್ ಪರ್ಸಿ ಕಲ್ಲು ಪ್ರಾಣಿಗಳು ವಿಕಾಸಗೊಳ್ಳುವುದಕ್ಕೂ ಮುಂಚಿನ ಒಂದು ಆಳವಿಲ್ಲದ ಕಡಲಿನಲ್ಲಿ ಕೆಸರಾಗಿ ಕೂತ ಸುಣ್ಣಕಲ್ಲು. ಅದರಲ್ಲಿ ಶಂಖ ಚಿಪ್ಪು ಹುಡುಕಿದರೆ ಸಿಗುವುದಿಲ್ಲ.

ಸುರಂಗ ಬಾವಿಗಳು

ಬಹಮನಿ ಸುಲ್ತಾನ ಒಂದನೆಯ ಅಹಮದ್ ಶಾಹ 15ನೆಯ ಶತಮಾನದ ಮೂರನೆಯ ದಶಕದಲ್ಲಿ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದ. ದಿಣ್ಣೆಯ ಮೇಲಿನ ಊರಿಗೆ ಕಾವಲು ಸುಲಭ, ನೀರು ಕಷ್ಟ. ಅದೇ ಹೊತ್ತಿಗೆ ಇರಾನಿನಿಂದ ಸಂತರು, ಸೈನಿಕರು, ಕಸುಬುದಾರರು ಬೀದರಿಗೆ ಬರುತ್ತಿದ್ದರು. ಒಣನೆಲದಲ್ಲಿ ಬೆಟ್ಟದ ಬುಡದ ಅಂತರ್ಜಲವನ್ನು ಸುರಂಗದ ಮೂಲಕ ಊರಿಗೆ ಹರಿಸುವ ಕನಾತ್ ಅಥವಾ ಕರೇಜ್ ವಿದ್ಯೆ ಅವರ ನಾಡಿನದು. ಇರಾನಿನ ಕನಾತ್‌ಗಳು 2016ರಲ್ಲಿ ಯುನೆಸ್ಕೊದ ವಿಶ್ವಪರಂಪರೆಯ ಪಟ್ಟಿಗೆ ಸೇರಿವೆ. ಬೀದರಿನಲ್ಲಿ ಈ ವಿದ್ಯೆಗೆ ಸಿಕ್ಕಿದ್ದು ಮರಳು ಜಲ್ಲಿಯ ನೆಲವಲ್ಲ, ಜಂಬಿಟ್ಟಿಗೆ. ಅಗೆಯುವಾಗ ಮೆತ್ತಗಿದ್ದು ಗಾಳಿಗೆ ತೆರೆದ ಮೇಲೆ ಗಟ್ಟಿಯಾಗುವ ಗುಣ ಈ ಕಲ್ಲಿಗಿರುವುದರಿಂದ ಸುರಂಗದ ಗೋಡೆಗೆ ಹೆಚ್ಚಿನ ಕಟ್ಟಡವೇ ಬೇಕಾಗಲಿಲ್ಲ.

ವ್ಯವಸ್ಥೆಯ ಮೂಲತತ್ವ ಸರಳ. ಎತ್ತರದ ಜಾಗದಲ್ಲಿ ನೀರು ಸಿಗುವವರೆಗೆ ತಾಯಿಬಾವಿ ತೋಡುತ್ತಾರೆ. ಅದರ ತಳದಿಂದ ಊರ ಕಡೆಗೆ ಬಹು ಸಣ್ಣ ಇಳಿಜಾರಿನಲ್ಲಿ ಸುರಂಗ ಹೊರಡುತ್ತದೆ. ನೆಲದ ಇಳಿಜಾರು ಸುರಂಗದ ಇಳಿಜಾರಿಗಿಂತ ಹೆಚ್ಚಾಗಿರುವುದರಿಂದ ಒಂದು ಕಡೆ ಸುರಂಗವೇ ನೆಲದ ಮಟ್ಟಕ್ಕೆ ಬಂದು ನೀರು ತಾನಾಗಿ ಹೊರಗೆ ಹರಿಯುತ್ತದೆ. ದಾರಿಯುದ್ದಕ್ಕೂ ನೇರ ಕೆಳಗಿಳಿಯುವ ಕಂಡಿಗಳು. ಮಣ್ಣು ಮೇಲೆತ್ತಲು, ಗಾಳಿ ಬೆಳಕು ಬಿಡಲು, ಆಮೇಲೆ ಹಗ್ಗ ಕಟ್ಟಿ ಕೊಡ ಇಳಿಸಲು ಅವೇ ಬಾವಿಗಳು. ಎತ್ತಬೇಡ, ತಳ್ಳಬೇಡ, ಭೂಮಿಯ ಸೆಳೆತವೇ ಪಂಪು.

ಬೀದರಿನಲ್ಲಿ ಗುರುತಿಸಲಾಗಿರುವ ಇಂಥ ಮುಖ್ಯ ವ್ಯವಸ್ಥೆಗಳು ಮೂರು: ನೌಬಾದ್, ಶುಕ್ಲತೀರ್ಥ ಮತ್ತು ಜಮನಾ ಮೋರಿ. ನೌಬಾದಿನದು ಎಲ್ಲಕ್ಕಿಂತ ಹೆಸರಾದುದು. ಸಿದ್ಧೇಶ್ವರ ಗುಡಿಯ ಬಳಿಯಿಂದ ಅಲಿಯಾಬಾದ್ ಕಡೆಗೆ 2 ಕಿ.ಮೀ.ಗೂ ಹೆಚ್ಚು ಉದ್ದ ಸಾಗುವ ಈ ಸುರಂಗಕ್ಕೆ 20ಕ್ಕೂ ಮಿಕ್ಕಿದ ಕಂಡಿಗಳಿವೆ. ಶುಕ್ಲತೀರ್ಥದ ಮೂಲ ಗೊರ್ನಳ್ಳಿ ಕೆರೆಯ ಹತ್ತಿರದ್ದು. ಕೆರೆಯ ನೀರು ಇಂಗಿ ಸುರಂಗಕ್ಕೆ ಜಿನುಗುವಂತೆ ಮಾಡಿದ ಏರ್ಪಾಡು ಇಲ್ಲಿ ಕಾಣುತ್ತದೆ. ಜಮನಾ ಮೋರಿ ಹಳೆಯ ಊರಿನ ಓಣಿಗಳ ಅಡಿಯಲ್ಲಿ ಕವಲೊಡೆದು ಹರಡುವ ಹಂಚಿಕೆಯ ಜಾಲ. ಕೇರಳದ ಚಿತ್ತೂರು ಸರ್ಕಾರಿ ಕಾಲೇಜಿನ ಭೂಗೋಳಶಾಸ್ತ್ರಜ್ಞ ವಿ. ಗೋವಿಂದನ್‌ಕುಟ್ಟಿ 2010ರ ದಶಕದ ಮೊದಲ ಭಾಗದಲ್ಲಿ ಈ ಸುರಂಗಗಳೊಳಗೆ ಇಳಿದು ನಕ್ಷೆ ಮಾಡಿದರು. ನೌಬಾದ್ ಸುರಂಗದ ಹೂಳು ತೆಗೆಯುವ ಕೆಲಸ 2015ರ ಆಸುಪಾಸಿನಲ್ಲಿ ನಡೆಯಿತು. ಅದಕ್ಕೂ ಮುಂಚೆ ಬಹಳ ಕಂಡಿಗಳು ಊರಿನವರಿಗೆ ಬರಿಯ ಹಾಳುಬಾವಿಗಳು, ಕಸ ಸುರಿಯುವ ತಗ್ಗುಗಳು.

ಇದೇ ಬಗೆಯ ಕೆಲಸ ವಿಜಯಪುರದ ಆದಿಲ್‌ಶಾಹಿಗಳ ತೊರವಿ ವ್ಯವಸ್ಥೆಯಲ್ಲಿದೆ, ಮಧ್ಯಪ್ರದೇಶದ ಬುರಹಾನಪುರದಲ್ಲಿದೆ. ಆದರೆ ಕಲ್ಲಿನ ನೆಂಟಸ್ತಿಕೆಯಿಂದ ನೋಡಿದರೆ ಬೀದರಿಗೆ ಹೆಚ್ಚು ಹತ್ತಿರದ್ದು ಕಾಸರಗೋಡಿನ ಬಾಯಾರು, ಪೈವಳಿಕೆ, ಎಣ್ಮಕಜೆ ಕಡೆಯ ಸುರಂಗಗಳು. ಅಲ್ಲಿ ಅಡಿಕೆ ತೋಟದ ರೈತರು ಗುಡ್ಡದ ಮುರಕಲ್ಲಿಗೆ ಅಡ್ಡಡ್ಡ ಕೊರೆದು ನೀರು ತೆಗೆಯುತ್ತಾರೆ. ಅರಮನೆಯ ಆಜ್ಞೆಯಿಂದ ಅಲ್ಲ, ಒಂದೊಂದು ಮನೆಯ ಹಟದಿಂದ. ಕನ್ನಡ ನಾಡಿನ ಎರಡು ತುದಿಗಳಲ್ಲಿ ಒಂದೇ ಕಲ್ಲು ಒಂದೇ ಉಪಾಯವನ್ನು ಹೊಳೆಯಿಸಿದೆ ಎನ್ನಬಹುದು.

ಸುರಂಗದೊಳಗಿನ ಜೀವ

ಬಿಸಿಲು ಹೋಗದ ನೀರಿನಲ್ಲಿ ಪಾಚಿ ಬೆಳೆಯುವುದಿಲ್ಲ. ಪಾಚಿಯಿಲ್ಲದೆ ಸಾಮಾನ್ಯ ಕೆರೆಯ ಆಹಾರ ಸರಪಳಿ ಶುರುವಾಗುವುದಿಲ್ಲ. ಅಲ್ಲಿಯ ಜೀವಿಗಳು ಹೊರಗಿನಿಂದ ಬಂದದ್ದನ್ನೇ ತಿನ್ನಬೇಕು: ಕಂಡಿಯಿಂದ ಬಿದ್ದ ಎಲೆ, ಸತ್ತ ಹುಳ, ಬೇರು, ಬಾವಲಿಯ ಹಿಕ್ಕೆ. ಹಿಕ್ಕೆಯ ಮೇಲೆ ಶಿಲೀಂಧ್ರ ಮತ್ತು ಬ್ಯಾಕ್ಟೀರಿಯಾ, ಅವುಗಳನ್ನು ಮೇಯುವ ಕಿರುಕೀಟ, ಕೀಟಗಳನ್ನು ಹಿಡಿಯುವ ಜೇಡ ಮತ್ತು ಕಪ್ಪೆ ಹೀಗೆ ಸಾಲು ಬೆಳೆಯುತ್ತದೆ. ಕಂಡಿಯ ಬುಡದಲ್ಲಿ ಬೆಳಕು ಬೀಳುವ ಒಂದು ಸಣ್ಣ ವೃತ್ತದಲ್ಲಿ ಮಾತ್ರ ಹಾವಸೆ, ಜರೀಗಿಡ ಕಾಣುತ್ತವೆ. ಎರಡು ಮಾರು ಮುಂದೆ ಹೋದರೆ ಎಲ್ಲವೂ ಬೇರೆ.

ಜಂಬಿಟ್ಟಿಗೆಯ ಅಂತರ್ಜಲ ಎಂಥ ಜೀವಿಗಳನ್ನು ಸಾಕಬಲ್ಲದು ಎಂಬುದಕ್ಕೆ ಕೇರಳದ ಬಾವಿಗಳು ಸಾಕ್ಷಿ. ಕೋಟ್ಟಯಂ ಕಡೆಯ ಬಾವಿಗಳಲ್ಲಿ ಸಿಕ್ಕ ಹೊರಗ್ಲಾನಿಸ್ ಕೃಷ್ಣೈ ಎಂಬ ಕಣ್ಣಿಲ್ಲದ ಕೆಂಪು ಮೀನನ್ನು 1950ರಲ್ಲಿ ವಿವರಿಸಲಾಯಿತು. 2019ರಲ್ಲಿ ಮಲಪ್ಪುರಂ ಜಿಲ್ಲೆಯಿಂದ ಎನಿಗ್ಮಚನ್ನಾ ಗೊಲ್ಲಮ್ ಎಂಬ, ಕೊರವ ಮೀನಿನ ದೂರದ ಸಂಬಂಧಿಯೊಂದು ಬೆಳಕಿಗೆ ಬಂತು. ಇವು ಕಲ್ಲಿನ ರಂಧ್ರಗಳ ನೀರಿನಲ್ಲೇ ಬಾಳುವ ಮೀನುಗಳು. ಮಳೆಗಾಲದಲ್ಲಿ ಬಾವಿಗೆ ನುಸುಳಿದಾಗ, ಅಥವಾ ಪಂಪಿನಲ್ಲಿ ಎಳೆದುಬಂದಾಗ ಮನುಷ್ಯರ ಕಣ್ಣಿಗೆ ಬೀಳುತ್ತವೆ. ಬೀದರಿನ ದಿಣ್ಣೆ ಸುತ್ತಲೂ ಕರಿಕಲ್ಲಿನಿಂದ ಬೇರ್ಪಟ್ಟ ಕೆಂಪು ದ್ವೀಪ. ಪಶ್ಚಿಮ ಕರಾವಳಿಯ ಉದ್ದನೆಯ ಜಂಬಿಟ್ಟಿಗೆ ಪಟ್ಟಿಯ ಅನುಕೂಲ ಅದಕ್ಕಿಲ್ಲ, ಮಳೆಯೂ ಕೇರಳದ ಮೂರನೆಯ ಒಂದು ಪಾಲಿಗಿಂತ ಹೆಚ್ಚಿಲ್ಲ. ಅಂಥ ಮೀನು ಇಲ್ಲಿ ಇರಲಾರದು ಎನಿಸಬಹುದು. ಆದರೂ ಸುರಂಗದ ವಾಸ್ತುವಿಗೆ ಸಿಕ್ಕಷ್ಟು ಗಮನ ಸುರಂಗದ ನೀರಿನ ಜೀವಿಗಳಿಗೂ ಸಲ್ಲಬೇಕು. ಹೂಳು ತೆಗೆಯುವ ಮೊದಲು ಜೀವಿಗಳ ಪಟ್ಟಿ ಮಾಡುವ ರೂಢಿ ನಮ್ಮಲ್ಲಿ ಬಂದಿಲ್ಲ.

ಝರಣಿ ನರಸಿಂಹ

ನಗರದ ಅಂಚಿನ ಮಂಗಲಪೇಟೆಯಲ್ಲಿರುವ ನರಸಿಂಹ ಝರಾ ಈ ಸೀಮೆಯಲ್ಲಿ ಜನಸಾಮಾನ್ಯರು ನೀರೊಳಗೆ ಇಳಿಯುವ ಅತಿ ಪ್ರಸಿದ್ಧ ತಾಣ. ಗುಡ್ಡದೊಳಕ್ಕೆ ಕೊರೆದ ಸುಮಾರು 300 ಮೀಟರ್ ಉದ್ದದ ಸುರಂಗದ ಕೊನೆಯಲ್ಲಿ, ಜಂಬಿಟ್ಟಿಗೆಯ ಗೋಡೆಯಲ್ಲಿ ನರಸಿಂಹನ ಮೂರ್ತಿಯಿದೆ, ಪಕ್ಕದಲ್ಲಿ ಶಿವಲಿಂಗವೂ ಇದೆ. ಸುರಂಗದ ಉದ್ದಕ್ಕೂ ನೀರು ನಿಂತಿರುತ್ತದೆ. ಒಳ್ಳೆಯ ಮಳೆಯಾದ ವರ್ಷ ನಾಲ್ಕೈದು ಅಡಿ. ಭಕ್ತರು ಎದೆಮಟ್ಟದ ನೀರಿನಲ್ಲಿ ನಡೆದು, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋಗುತ್ತಾರೆ. ತುದಿಯಲ್ಲಿ ಏಳೆಂಟು ಜನ ನಿಲ್ಲುವಷ್ಟೇ ಜಾಗ. ಉಳಿದವರು ನೀರಲ್ಲೇ ಸರದಿ ಕಾಯಬೇಕು. ಜಲಾಸುರನೆಂಬ ರಕ್ಕಸನನ್ನು ನರಸಿಂಹ ಕೊಂದನೆಂದೂ, ಸತ್ತ ಅಸುರ ನೀರಾಗಿ ದೇವರ ಪಾದದಿಂದ ಹರಿಯತೊಡಗಿದನೆಂದೂ ಸ್ಥಳಪುರಾಣ ಹೇಳುತ್ತದೆ. ಭೂವಿಜ್ಞಾನ ಹೇಳುವುದೂ ಬಹಳ ಬೇರೆಯಲ್ಲ: ನೀರು ಹೊರಡುವುದು ಮೂರ್ತಿಯ ಹಿಂದಿನ ಕಲ್ಲಿನಿಂದಲೇ.

ಸುರಂಗದ ಮೇಲ್ಚಾವಣಿಗೆ ಬಾವಲಿಗಳು ಜೋತುಬಿದ್ದಿರುತ್ತವೆ. ತಲೆಯ ಮೇಲೆ ಹಾರಾಡಿದರೂ ಅವು ಯಾರನ್ನೂ ಮುಟ್ಟುವುದಿಲ್ಲ ಎಂಬುದು ಭಕ್ತರ ಅನುಭವ. ಪ್ರತಿಧ್ವನಿಯಿಂದ ದಾರಿ ಅಳೆಯುವ ಪ್ರಾಣಿಗೆ ಇಕ್ಕಟ್ಟಾದ ಸುರಂಗದಲ್ಲಿ ಮನುಷ್ಯರ ತಲೆಯನ್ನು ತಪ್ಪಿಸುವುದು ಕಷ್ಟವಲ್ಲ. ಒಳಗೆ ವಿದ್ಯುದ್ದೀಪ, ಗಾಳಿಯಂತ್ರಗಳನ್ನು ಹಾಕಲಾಗಿದೆ. ಇದು ಅಲಂಕಾರದ ಮಾತಲ್ಲ. ಒಂದೇ ಬಾಯಿಯ ಸುರಂಗದಲ್ಲಿ ನೂರಾರು ಜನ ಉಸಿರಾಡಿದರೆ ಇಂಗಾಲದ ಡೈಆಕ್ಸೈಡ್ ಏರುತ್ತದೆ. ಹೃದಯದ, ಉಸಿರಾಟದ ತೊಂದರೆಯಿರುವವರು ಹಬ್ಬದ ದಿನದ ನೂಕುನುಗ್ಗಲಿನಲ್ಲಿ ಒಳಗೆ ಹೋಗದಿರುವುದು ಲೇಸು. ಸತತ ಬರ ಬಂದ ವರ್ಷಗಳಲ್ಲಿ ನೀರು ತೀರ ಇಳಿಯುತ್ತದೆ. ಆಗ ಬರುವ ಯಾತ್ರಿಕರಿಗೆ ನಿರಾಸೆಯಾಗುತ್ತದಾದರೂ ಅಂತರ್ಜಲದ ಲೆಕ್ಕ ಕೇಳುವವರಿಗೆ ಈ ದೇವಸ್ಥಾನಕ್ಕಿಂತ ನೇರವಾದ ಅಳತೆಗೋಲು ಬೇಡ.

ಗುರುನಾನಕ್ ಝೀರಾ ಸಾಹೇಬ್ ಇದೇ ಕಲ್ಲಿನ ಇನ್ನೊಂದು ಝರಿ. ಸಿಖ್ಖರ ಮೊದಲ ಗುರು ನಾನಕರು 16ನೆಯ ಶತಮಾನದ ಆರಂಭದಲ್ಲಿ ದಕ್ಷಿಣದ ಸಂಚಾರದಲ್ಲಿದ್ದಾಗ ಇಲ್ಲಿಗೆ ಬಂದರು, ಸಿಹಿನೀರಿಲ್ಲದೆ ಕಂಗೆಟ್ಟ ಜನರಿಗಾಗಿ ಕಲ್ಲು ಸರಿಸಿ ಝರಿ ತೆರೆದರು ಎಂಬುದು ನಂಬಿಕೆ. ಅಮೃತಕುಂಡದ ನೀರು ಯಾತ್ರಿಕರ ಬಾಟಲಿಗಳಲ್ಲಿ ಪಂಜಾಬಿನವರೆಗೆ ಹೋಗುತ್ತದೆ. ಪಾಪನಾಶದಲ್ಲಿ ಝರಿಯ ಜತೆಗೆ ಕೆರೆಯೂ ಇದೆ. ಕೋಟೆಯ ಕಂದಕ ಬೇರೆಯೇ ಬಗೆಯದು: ಜಂಬಿಟ್ಟಿಗೆಯ ಬಂಡೆಯನ್ನೇ ಕಡಿದು, ನಡುವೆ ಕಲ್ಲಿನ ಗೋಡೆಗಳನ್ನು ಉಳಿಸಿ ಮೂರು ಸಾಲಾಗಿ ಮಾಡಿದ್ದು. ಶತ್ರುವನ್ನು ತಡೆಯಲು ಕಡಿದ ಅದರಲ್ಲಿ ಈಗ ಮಳೆಗಾಲದ ನೀರು, ಕಪ್ಪೆ, ನೀರುಕೋಳಿ.

ಭಾಲ್ಕಿ: ಕಾರಂಜಾ ಜಲಾಶಯ

ಬೀದರ್ ಜಿಲ್ಲೆಯ ಬಹುಭಾಗ ಗೋದಾವರಿ ಕೊಳ್ಳಕ್ಕೆ ಸೇರಿದ್ದು; ಕರ್ನಾಟಕದಲ್ಲಿ ಆ ಕೊಳ್ಳದ ಪಾಲು ಹೆಚ್ಚುಕಡಿಮೆ ಇಷ್ಟೇ. ಕಾರಂಜಾ ನದಿ ತೆಲಂಗಾಣದ ಕೊಹೀರ್ ಕಡೆಯಲ್ಲಿ ಹುಟ್ಟಿ ಸುಮಾರು 74 ಕಿ.ಮೀ. ಹರಿದು ಮಾಂಜ್ರಾ ಸೇರುತ್ತದೆ. ಅದಕ್ಕೆ ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿಯಲ್ಲಿ ಕಟ್ಟಿದ ಅಣೆಕಟ್ಟಿನ ಹಿಂದಿನ ನೀರೇ ಜಿಲ್ಲೆಯ ಅತಿ ದೊಡ್ಡ ಜಲರಾಶಿ, ತುಂಬಿದಾಗ 7.69 ಟಿಎಂಸಿ. ನೀರಾವರಿಗೆಂದು ಹುಟ್ಟಿದ ಯೋಜನೆ, ಈಗ ಕುಡಿಯುವ ನೀರಿಗೂ ಇದನ್ನೇ ನೆಚ್ಚಬೇಕು.

ಮುಳುಗಿ ನೋಡುವವನಿಗೆ ಇಲ್ಲಿ ಏನು ಕಾಣುತ್ತದೆ? ಪ್ರಾಮಾಣಿಕ ಉತ್ತರ: ತನ್ನ ಕೈ, ಅದೂ ಕೆಲವು ತಿಂಗಳು ಮಾತ್ರ. ಎರೆಮಣ್ಣಿನ ಕಣಗಳು ಬಹು ಸಣ್ಣವು, ನೀರಿನಲ್ಲಿ ತೇಲಿದರೆ ವಾರಗಟ್ಟಲೆ ಕೂರುವುದಿಲ್ಲ. ಮಳೆಗಾಲದಲ್ಲಿ ನೀರು ಚಹಾದ ಬಣ್ಣಕ್ಕೆ ತಿರುಗುತ್ತದೆ. ಚಳಿಗಾಲದಲ್ಲಿ ಸ್ವಲ್ಪ ತಿಳಿಯಾಗುತ್ತದೆ. ಬೇಸಿಗೆಯಲ್ಲಿ ಪಾಚಿ ಹಸಿರಾಗಿಸುತ್ತದೆ. ಮೀನುಗಳು ಕೂಡ ಈ ಮಬ್ಬಿಗೆ ತಕ್ಕವೇ. ಗಿರಲು (ಮಿಸ್ಟಸ್) ಜಾತಿಯವು ಮತ್ತು ಬಾಳೆ ಮೀನು ಕಣ್ಣಿಗಿಂತ ಮೀಸೆಯನ್ನು ನಂಬುತ್ತವೆ: ಮೀಸೆಯ ತುಂಬ ರುಚಿಗ್ರಂಥಿ. ಬಾಳೆ ಮೀನು ಇಲ್ಲಿಯ ಹುಲಿ, ಎರಡು ಮೀಟರಿನವರೆಗೂ ಬೆಳೆಯಬಲ್ಲ ಬೇಟೆಗಾರ. ಅದರ ಸಂತತಿ ದೇಶದುದ್ದಕ್ಕೂ ಇಳಿಯುತ್ತಿದ್ದು, ಅಪಾಯದಂಚಿನ ಜಾತಿಗಳ ಪಟ್ಟಿಗೆ ಸೇರಿದೆ.

ಮೀನುಗಾರರ ಬಲೆಗೆ ಹೆಚ್ಚಾಗಿ ಬೀಳುವುದು ಬಿತ್ತಿದ ಮೀನು: ಕಾಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆ. ಮೊದಲ ಮೂರನ್ನು ಒಟ್ಟಿಗೆ ಬಿಡುವುದಕ್ಕೆ ಕಾರಣವಿದೆ. ಕಾಟ್ಲಾದ ಬಾಯಿ ಮೇಲಕ್ಕೆ ತಿರುಗಿದೆ, ಅದು ಮೇಲ್ಪದರದ ತೇಲುಜೀವಿಗಳನ್ನು ಮೇಯುತ್ತದೆ, ರೋಹು ನಡುನೀರಿನದು, ಮೃಗಾಲ್ ತಳದ ಕೊಳೆತ ವಸ್ತು ತಿನ್ನುತ್ತದೆ. ಹೀಗೆ ಒಂದೇ ನೀರಿನಲ್ಲಿ ಮೂರು ಹೊಲ. ಆದರೆ ನಿಂತ ನೀರಿನಲ್ಲಿ ಇವು ಮೊಟ್ಟೆಯಿಡುವುದಿಲ್ಲ, ಮಳೆಗಾಲದ ಹರಿವು ಬೇಕು. 1957ರಲ್ಲಿ ಹೀರಾಲಾಲ್ ಚೌಧುರಿ ಒಡಿಶಾದಲ್ಲಿ ಪಿಟ್ಯುಟರಿ ಗ್ರಂಥಿಯ ಸಾರ ಚುಚ್ಚಿ ಇವು ಮೊಟ್ಟೆಯಿಡುವಂತೆ ಮಾಡಿದ ಮೇಲೆಯೇ ದೇಶದ ಅಣೆಕಟ್ಟುಗಳಿಗೆ ಬೇಕಾದಷ್ಟು ಮರಿ ಸಿಗತೊಡಗಿದ್ದು. ಕಾರಂಜಾದ ಮೀನುಗಾರಿಕೆ ನಿಂತಿರುವುದು ಪ್ರತಿವರ್ಷ ಬಿಡುವ ಮರಿಗಳ ಮೇಲೆ. ಇವುಗಳ ನಡುವೆ ಯಾರೂ ಕರೆಯದೆ ಬಂದದ್ದು ಆಫ್ರಿಕಾ ಮೂಲದ ತಿಲಾಪಿಯಾ. ಮೊಟ್ಟೆ ಮರಿಗಳನ್ನು ತಾಯಿ ಬಾಯಲ್ಲೇ ಇಟ್ಟು ಕಾಯುವುದರಿಂದ ಅದಕ್ಕೆ ಹರಿವೂ ಬೇಡ, ಮೀನುಗಾರಿಕೆ ಇಲಾಖೆಯೂ ಬೇಡ.

ಬೀದರಿನಲ್ಲಿ ಮೀನು ತಿನ್ನದ ಮನೆಗಳು ಸಾಕಷ್ಟಿವೆ. ಆದರೂ ಜೂನ್ ಮೊದಲ ವಾರದ ಕೊನೆಗೆ ಮಿರಗ ಹೊಕ್ಕ ದಿನ, ಎಂದರೆ ಮೃಗಶಿರಾ ಮಳೆ ಕೂಡಿದ ದಿನ, ಮೀನು ತಿಂದರೆ ವರ್ಷವಿಡೀ ಆರೋಗ್ಯ ಎಂಬ ನಂಬಿಕೆ ತೆಲಂಗಾಣದಿಂದ ಈ ಕಡೆಗೂ ಹಬ್ಬಿದೆ. ಅಂದು ಪೇಟೆಯಲ್ಲಿ ಮೀನಿಗೆ ಹೇಳಿದ್ದೇ ದರ. ಇದಕ್ಕೆ ಎದುರಾಗಿ ನಿಂತಿರುವುದು ಪ್ರಕೃತಿಯ ಲೆಕ್ಕ: ಅದೇ ಹೊತ್ತಿಗೆ ಮೀನುಗಳ ಹೊಟ್ಟೆಯಲ್ಲಿ ಮೊಟ್ಟೆ ತುಂಬಿರುತ್ತದೆ.

ಔರಾದ್: ಮಾಂಜ್ರಾ

ಮಾಂಜ್ರಾ ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಬಾಲಾಘಾಟ್ ಗುಡ್ಡಗಳಲ್ಲಿ ಹುಟ್ಟಿ, 724 ಕಿ.ಮೀ. ಸುತ್ತಿ, ತೆಲಂಗಾಣದ ಕಂದಕುರ್ತಿಯಲ್ಲಿ ಗೋದಾವರಿಯನ್ನು ಸೇರುತ್ತದೆ. ಬೀದರ್ ಜಿಲ್ಲೆಯೊಳಗೆ ಅದರ ಓಟ ಸುಮಾರು 155 ಕಿ.ಮೀ.; ಭಾಲ್ಕಿ, ಔರಾದ್, ಬೀದರ್ ತಾಲ್ಲೂಕುಗಳ ಎರೆಹೊಲಗಳ ನಡುವೆ ಅಗಲವಾದ ತಿರುವುಗಳಲ್ಲಿ. ಔರಾದಿನ ಪಾಲಿಗೆ ಈ ನದಿ ಅಂಚಿನ ಆಸರೆ. ತಾಲ್ಲೂಕಿನ ಒಡಲೊಳಗೆ ಬೇಸಿಗೆಯೆಂದರೆ ಟ್ಯಾಂಕರು, ಬತ್ತಿದ ಬೋರುಗಳು.

ಮೇಲ್ಭಾಗದ ಧನೇಗಾಂವದಲ್ಲಿ ಮಹಾರಾಷ್ಟ್ರದ ಅಣೆಕಟ್ಟಿದೆ, ಕೆಳಭಾಗದಲ್ಲಿ ತೆಲಂಗಾಣದ ಸಿಂಗೂರು. ನಡುವಿನ ಬೀದರಿಗೆ ನದಿ ಸಿಗುವುದು ಮೇಲಿನವರು ಬಿಟ್ಟಷ್ಟು. 2016ರ ಏಪ್ರಿಲ್‌ನಲ್ಲಿ ಲಾತೂರಿಗೆ ಮಿರಜದಿಂದ ರೈಲಿನಲ್ಲಿ ನೀರು ಸಾಗಿಸಬೇಕಾದಾಗ ಮಾಂಜ್ರಾದ ಪಾತ್ರ ಏನಾಗಿತ್ತೆಂದು ಹೇಳಬೇಕಿಲ್ಲ. ಅಂಥ ಬೇಸಿಗೆಯಲ್ಲಿ ಉಳಿಯುವುದು ಮಡುಗಳು ಮತ್ತು ಬ್ರಿಜ್ ಕಂ ಬ್ಯಾರೇಜುಗಳ ಹಿಂದಿನ ಹಿನ್ನೀರು. ನದಿಯ ಇಡೀ ಜೀವಸಂಕುಲ ಆ ಕೆಲವು ತಗ್ಗುಗಳಿಗೆ ಸೇರಿಕೊಂಡು ಮಳೆ ಕಾಯುತ್ತದೆ. ಮಡು ಬತ್ತಿಸಿ ಮೀನು ಹಿಡಿಯುವುದೂ, ಮರಳು ತೆಗೆದು ತಳ ಕೆದಕುವುದೂ ಒಂದು ವರ್ಷದ ಮೀನನ್ನಲ್ಲ, ಮುಂದಿನ ವರ್ಷಗಳ ಬೀಜವನ್ನೇ ಕಳೆದಂತೆ.

ಬತ್ತುವ ನದಿಗೆ ಒಗ್ಗಿದ ಜೀವಿಗಳ ಉಪಾಯಗಳು ನೋಡುವಂಥವು. ಕೊರವ ಮೀನು, ಪೇಟೆಯಲ್ಲಿ ಮರಲ್, ನೀರಿನ ಮೇಲೆ ಬಾಯಿತೆರೆದು ಗಾಳಿಯನ್ನೇ ಉಸಿರಾಡುತ್ತದೆ. ಆಮ್ಲಜನಕ ಇಲ್ಲದ ಕೆಸರುನೀರಿನಲ್ಲಿ ಉಳಿದ ಮೀನುಗಳು ಹೊಟ್ಟೆ ಮೇಲಾಗಿ ತೇಲುವಾಗ ಅದು ತಣ್ಣಗೆ ಬಿದ್ದಿರುತ್ತದೆ. ಮರಿಗಳಾದ ಮೇಲೆ ತಂದೆತಾಯಿ ಅವುಗಳ ಕೆಂಪು ಹಿಂಡಿನ ಕೆಳಗೆ ಕಾವಲು ತಿರುಗುತ್ತವೆ. ಕೆಸರಾಮೆ ಒಣಗಿದ ಮಣ್ಣಿನೊಳಗೆ ಹುದುಗಿ ಬೇಸಿಗೆ ಕಳೆಯುತ್ತದೆ. ಗುಂಡುಬಸವನ ಹುಳು ಚಿಪ್ಪಿನ ಬಾಗಿಲು ಹಾಕಿಕೊಂಡು ಮಲಗುತ್ತದೆ. ಇವುಗಳಲ್ಲೆಲ್ಲ ವಿಚಿತ್ರವಾದುದು ಲ್ಯಾಮೆಲಿಡೆನ್ಸ್ ಜಾತಿಯ ಸಿಹಿನೀರ ಕಪ್ಪೆಚಿಪ್ಪು. ತಳದ ಮಣ್ಣಲ್ಲಿ ಅರೆ ಹೂತು ಕೂತು ದಿನವಿಡೀ ನೀರನ್ನು ಸೋಸುವ ಈ ಪ್ರಾಣಿ ನಡೆದಾಡುವುದೇ ಅಪರೂಪ. ಆದರೆ ಅದರ ಮರಿಗಳು ಮೀನಿನ ಕಿವಿರಿಗೋ ಈಜುರೆಕ್ಕೆಗೋ ಕಚ್ಚಿಕೊಂಡು ಹೊಸ ಜಾಗಕ್ಕೆ ಪ್ರಯಾಣ ಮಾಡುತ್ತವೆ. ಮೀನಿಲ್ಲದ ಹೊಳೆಯಲ್ಲಿ ಕಪ್ಪೆಚಿಪ್ಪೂ ಇರುವುದಿಲ್ಲ.

ಸಿಂಗೂರಿನ ಕೆಳಗೆ, ಸಂಗಾರೆಡ್ಡಿ ಜಿಲ್ಲೆಯಲ್ಲಿ, ಮಾಂಜ್ರಾ ವನ್ಯಜೀವಿಧಾಮವಿದೆ. 1978ರಲ್ಲಿ ಘೋಷಿತವಾದ, ಸುಮಾರು 20 ಚದರ ಕಿ.ಮೀ.ಯ ಈ ಜಲಧಾಮ ಮಗ್ಗರ್ ಮೊಸಳೆಗಳಿಗೆ ಹೆಸರುವಾಸಿ. ಮೊಸಳೆಗೆ ರಾಜ್ಯದ ಗಡಿ ಗೊತ್ತಿಲ್ಲವಾದ್ದರಿಂದ ನದಿಗಿಳಿಯುವವರು ಮೇಲಿನ ಹಿನ್ನೀರುಗಳಲ್ಲೂ ಎಚ್ಚರವಾಗಿರುವುದು ಒಳ್ಳೆಯದು.

ಬೀದರಿಗೆ ಬಂದ ಕಡಲು

ಕಡಲು ಇಲ್ಲದ ಊರಿಗೂ ಕಡಲಿನ ಜೀವಿಯೊಂದು ಬಂದು ನೆಲೆಸಿದೆ. ಕೋಟೆಯ ರಂಗೀನ್ ಮಹಲಿನ ಒಳಕೋಣೆಯ ಗೋಡೆಗಳಲ್ಲಿ, ಹೊಳಪು ಕೊಟ್ಟ ಕರಿಯ ಬಸಾಲ್ಟಿನೊಳಗೆ ಮುತ್ತಿನ ಚಿಪ್ಪಿನ ತುಣುಕುಗಳನ್ನು ಕೂರಿಸಿ ಬಳ್ಳಿ, ಅಕ್ಷರ, ನಕ್ಷೆಗಳನ್ನು ಮಾಡಲಾಗಿದೆ. ಮಹಲಿನ ಈ ರೂಪ 16ನೆಯ ಶತಮಾನದ ಬರೀದ್ ಶಾಹಿ ದೊರೆ ಅಲಿ ಬರೀದನ ಕಾಲದ್ದು. ಆ ಕಾಲದ ಹೆಸರಾಂತ ಮುತ್ತಿನ ನೆಲೆಗಳು ಎರಡು, ಪರ್ಷಿಯಾ ಕೊಲ್ಲಿ ಮತ್ತು ಮನ್ನಾರ್ ಕೊಲ್ಲಿ. ಎರಡೂ ಕಡೆ ಚಿಪ್ಪನ್ನು ತಂದವರು ಉಸಿರು ಬಿಗಿಹಿಡಿದು, ಕಾಲಿಗೆ ಕಲ್ಲಿನ ಭಾರ ಕೊಟ್ಟುಕೊಂಡು ಹತ್ತಾರು ಮೀಟರ್ ಇಳಿಯುತ್ತಿದ್ದ ಮುಳುಗಾಳುಗಳು. ಇಂದಿನ ಬಗೆಯ ಸ್ಕೂಬಾ ಯಂತ್ರ ಬಂದದ್ದು 1943ರಲ್ಲಿ, ಫ್ರಾನ್ಸಿನ ಕುಸ್ತೊ ಮತ್ತು ಗಾನ್ಯಾನ್ ಕೈಯಲ್ಲಿ. ರಂಗೀನ್ ಮಹಲಿನ ಒಂದೊಂದು ಚಿಪ್ಪೂ ಮನುಷ್ಯರ ಶ್ವಾಸದ ಲೆಕ್ಕ. ಮಾಂಜ್ರಾದ ಕಪ್ಪೆಚಿಪ್ಪಿನ ಒಳಮೈಯಲ್ಲಿ ಮಿನುಗುವುದೂ ಅದೇ ವಸ್ತು, ಸುಣ್ಣದ ತೆಳುಹರಳುಗಳನ್ನು ಪದರ ಪದರವಾಗಿ ಜೋಡಿಸಿದ್ದು. ಬೆಳಕು ಆ ಪದರಗಳಲ್ಲಿ ಒಡೆದು ಬಣ್ಣವಾಗುತ್ತದೆ.

ಕಡಲ ದಾರಿಯಲ್ಲೇ ಮನುಷ್ಯರೂ ಬಂದರು. ಬಹಮನಿ ಪ್ರಧಾನಿ ಮಹಮೂದ್ ಗವಾನ್ ಇರಾನಿನ ಗಿಲಾನಿನವನು. ಹಡಗಿನಲ್ಲಿ ದಾಭೋಳ್ ಬಂದರಿಗಿಳಿದು 1453ರಲ್ಲಿ ಬೀದರ್ ಸೇರಿದ. 1472ರಲ್ಲಿ ಗೋವೆಯನ್ನು ಗೆದ್ದು ಬೀದರಿನ ಅಧಿಕಾರವನ್ನು ಕಡಲವರೆಗೆ ಒಯ್ದವನೂ ಅವನೇ. ರಷ್ಯಾದ ವ್ಯಾಪಾರಿ ಅಫನಾಸಿ ನಿಕಿತಿನ್ 1470ರ ಸುಮಾರಿಗೆ ಚೌಲ್ ಬಂದರಿನಿಂದ ಕುದುರೆಯೊಂದನ್ನು ಹಿಡಿದುಕೊಂಡು ಬೀದರಿಗೆ ಬಂದ.

ಇಂದಿನ ಕಡಲ ನಂಟು ಕಾಗದದ್ದು. ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಕೇಂದ್ರ ಬೀದರಿನ ನಂದಿನಗರದಲ್ಲಿದೆ. 1969ರಲ್ಲಿ ಆರಂಭವಾದ, ದೇಶದ ಮೊದಲ ಮೀನುಗಾರಿಕೆ ಕಾಲೇಜೆನಿಸಿದ ಮಂಗಳೂರಿನ ಕಾಲೇಜು ಅದರ ಅಂಗ. ಹೀಗಾಗಿ ಬಂಗುಡೆ, ಭೂತಾಯಿ ಓದಿ ಪಾಸಾದವರ ಪದವಿಪತ್ರಕ್ಕೆ ಮುದ್ರೆ ಬೀಳುವುದು ಕಡಲನ್ನೇ ಕಾಣದ ದಿಣ್ಣೆಯ ಮೇಲೆ.

ಮುಳುಗುವವರಿಗೆ

ಬೀದರ್ ಸೀಮೆಯಲ್ಲಿ ಮುಳುಗುವಿಕೆ ವಿನೋದದ್ದಲ್ಲ, ವಿಪತ್ತಿನದು. ಬಾವಿಗೋ ಜಲಾಶಯಕ್ಕೋ ಯಾರಾದರೂ ಬಿದ್ದಾಗ ಅಗ್ನಿಶಾಮಕ ದಳ ಬರುತ್ತದೆ, ಅದರ ಜತೆಗೆ ಮೀನುಗಾರ ಈಜುಗಾರರು. ಹುಡುಗರ ಈಜುಶಾಲೆ ತೋಟದ ಬಾವಿ. ಸೊಂಟಕ್ಕೆ ಬೆಂಡು ಇಲ್ಲವೆ ಖಾಲಿ ಪ್ಲಾಸ್ಟಿಕ್ ಡಬ್ಬಿ ಕಟ್ಟಿ ದೊಡ್ಡವರು ನೀರಿಗೆ ತಳ್ಳುತ್ತಾರೆ. ಸಿಲಿಂಡರ್ ಕಟ್ಟಿಕೊಂಡು ಇಳಿಯುವವರು ಎರಡು ಸಂಗತಿ ನೆನಪಿಡಬೇಕು. ಸಮುದ್ರಮಟ್ಟದಿಂದ 300 ಮೀಟರಿಗಿಂತ ಎತ್ತರದ ನೀರಿನಲ್ಲಿ ಗಾಳಿಯ ಒತ್ತಡ ಕಡಿಮೆ. ಮೇಲೆ ಬಂದಾಗ ದೇಹದಲ್ಲಿ ಕರಗಿದ ನೈಟ್ರೋಜನ್ ಗುಳ್ಳೆಯಾಗುವ ಅಪಾಯ ಅಲ್ಲಿ ಹೆಚ್ಚು. ಆದ್ದರಿಂದ ಕಡಲಿನ ಕೋಷ್ಟಕಗಳು ನಡೆಯುವುದಿಲ್ಲ, ಎತ್ತರಕ್ಕೆ ತಿದ್ದಿದವು ಬೇಕು. ಎರಡನೆಯದು, ಸಿಹಿನೀರಿನ ಸಾಂದ್ರತೆ ಕಡಿಮೆಯಾದ್ದರಿಂದ ಕಡಲಲ್ಲಿ ಕಟ್ಟಿಕೊಂಡಷ್ಟು ಸೀಸದ ಭಾರ ಇಲ್ಲಿ ಬೇಡ. ಸುರಂಗ ಬಾವಿಗಳಲ್ಲಿ ಸ್ಕೂಬಾ ಮಾತೇ ಕೂಡದು: ಇಕ್ಕಟ್ಟು, ಕತ್ತಲೆ, ಒಂದು ಕಾಲಿಟ್ಟರೆ ಎದ್ದುಬರುವ ಹೂಳು, ಕುಸಿಯಬಹುದಾದ ಕಂಡಿ.

ರಾಜ್ಯದಲ್ಲಿ ಕಡಲ ಮುಳುಗಿಗೆ ಪ್ರಸಿದ್ಧವಾದುದು ಮುರ್ಡೇಶ್ವರದಿಂದ ಸುಮಾರು 19 ಕಿ.ಮೀ. ಆಚೆಯ ನೇತ್ರಾಣಿ ದ್ವೀಪ. ಅಲ್ಲಿ ಹವಳಗಳು, ಗಿಳಿಮೀನು, ಚಿಟ್ಟೆಮೀನು, ಮುರೇ ಹಾವುಮೀನು, ಅದೃಷ್ಟವಿದ್ದರೆ ತಿಮಿಂಗಿಲ ಶಾರ್ಕ್. ನೌಕಾಪಡೆ ಈ ದ್ವೀಪವನ್ನು ಗುಂಡಿನ ಅಭ್ಯಾಸಕ್ಕೆ ಗುರಿಯಾಗಿ ಬಳಸುತ್ತ ಬಂದದ್ದು ಪರಿಸರವಾದಿಗಳ ಬಹುಕಾಲದ ದೂರು. ಮುಳುಗುವ ಕಾಲ ಅಕ್ಟೋಬರಿನಿಂದ ಮೇ ವರೆಗೆ. ಮುಂಗಾರಿನಲ್ಲಿ ದೋಣಿ ಹೊರಡುವುದಿಲ್ಲ.

ಬೀದರಿನ ಕಾಲವೂ ಮುಂಗಾರನ್ನೇ ಅನುಸರಿಸುತ್ತದೆ. ಇಲ್ಲಿ ಮುಂಗಾರು ಮುಗಿದ ಮೇಲೆಯೇ ಝರಾಗಳು ತುಂಬುವುದು, ಕಲ್ಲು ಹೀರಿದ್ದನ್ನು ನಿಧಾನಕ್ಕೆ ಬಿಟ್ಟುಕೊಡುತ್ತದೆ. ಆ ಕಲ್ಲಿನ ಮೇಲೆ ಈಗ ಎರಡು ಕಡೆಯಿಂದ ಒತ್ತಡ. ದಿಣ್ಣೆಯ ಮೇಲೆ ಬಡಾವಣೆಗಳು ಎದ್ದು, ಸಿಮೆಂಟಿನ ಅಂಗಳಗಳು ಮಳೆನೀರನ್ನು ಇಂಗಗೊಡದೆ ಚರಂಡಿಗೆ ಕಳಿಸುತ್ತವೆ. ಕೆಂಪುಕಲ್ಲಿನ ಗಣಿಗಳು ಹೀರುವ ಪದರವನ್ನೇ ಕಡಿದೊಯ್ಯುತ್ತವೆ. ಕೆಳಗೆ ಬೋರ್‌ವೆಲ್ಲುಗಳು ಜೇಡಿಯ ಪದರವನ್ನು ತೂತುಮಾಡಿ ಬಸಾಲ್ಟಿನ ಬಿರುಕಿಗೆ ಇಳಿಯುತ್ತವೆ. ಹಾಗೆ ತೂತಾದ ಕಡೆ, ಅಡ್ಡ ಹರಿದು ಝರಿಯಾಗಬೇಕಿದ್ದ ನೀರು ನೇರ ಕೆಳಗೆ ಸೋರಿಹೋಗುತ್ತದೆ. ಸುರಂಗದ ಹೂಳೆತ್ತಿದರೆ ಸುರಂಗ ಚೊಕ್ಕಟವಾಗುತ್ತದೆ, ಆದರೆ ನೀರು ಬರಬೇಕಾದರೆ ನೌಬಾದಿನ ತಾಯಿಬಾವಿಯ ಸುತ್ತಲಿನ ನೆಲ, ಗೊರ್ನಳ್ಳಿ ಕೆರೆಯ ಅಂಗಳ, ಪಾಪನಾಶದ ಮೇಲಿನ ಇಳಿಜಾರು ಇವುಗಳ ಮೇಲೆ ಕಟ್ಟಡ ಕಟ್ಟದಂತೆ, ಕೊಳವೆಬಾವಿ ಕೊರೆಯದಂತೆ ಗಡಿ ಗುರುತಿಸಬೇಕು.